ಬೇಕಲದಿಂದ ಕೆಳದಿಗೆ

ಬೇಕಲದ ಕೋಟೆಯನ್ನು ಕಾಣದ ಕಾಸರಗೋಡಿನವರು ಇರಲಾರರು. ಶಾಲೆಯ ಪ್ರವಾಸದಲ್ಲಿ ಒಮ್ಮೆ, ಮದುವೆಯಾದ ಹೊಸತರಲ್ಲಿ ಒಮ್ಮೆ, ಪರವೂರಿನ ನೆಂಟರು ಬಂದಾಗಲೆಲ್ಲ ಮತ್ತೊಮ್ಮೆ ಹೋಗಿ ಬರುತ್ತೇವೆ. 1995ರ 'ಬಾಂಬೆ' ಚಿತ್ರದ ಹಾಡನ್ನು ಅಲ್ಲಿ ತೆಗೆದ ಮೇಲೆ ಹೊರಗಿನವರಿಗೂ ಅದು ಪರಿಚಿತ. ಆದರೆ ಅದನ್ನು ಕಟ್ಟಿಸಿದವರು ಎಲ್ಲಿಂದ ಬಂದರು, ಅವರೊಟ್ಟಿಗೆ ಬಂದವರು ಏನಾದರು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು 'ಶಿವಪ್ಪ ನಾಯಕ' ಎಂಬ ಹೆಸರೊಂದನ್ನು ಹೇಳಿ ನಿಲ್ಲಿಸುತ್ತಾರೆ. ನಾನೂ ಆ ಪೈಕಿಯವನೇ. ಬಿ.ಎ.ಯಲ್ಲಿ ಚರಿತ್ರೆ ಓದಿದ್ದು ಹೌದು. ಆ ಪುಸ್ತಕಗಳಲ್ಲಿ ಪಾಣಿಪತ್ತಿಗೆ ಇದ್ದ ಜಾಗ ಬೇಕಲಕ್ಕೆ ಇರಲಿಲ್ಲ. ಆಮೇಲೆ ಇಪ್ಪತ್ತು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕಳೆದವನಿಗೆ ಚರಿತ್ರೆಯೆಂದರೆ ಹಿಂದಿನ ವರ್ಷದ ಲೆಡ್ಜರು.

ಕಳೆದ ವರ್ಷ ದಶಂಬರ ರಜೆಯಲ್ಲಿ ನಮ್ಮ ಕಡೆಯ ಒಂದು ಕಾಲೇಜಿನ ಕನ್ನಡ ಮತ್ತು ಚರಿತ್ರೆಯ ವಿದ್ಯಾರ್ಥಿಗಳು ಸೇರಿ ಕೆಳದಿ, ಇಕ್ಕೇರಿ, ನಗರಗಳಿಗೆ ಅಧ್ಯಯನ ಪ್ರವಾಸ ಹೊರಟರು. ಇಪ್ಪತ್ತನಾಲ್ಕು ಮಂದಿ ಮಕ್ಕಳು, ಇಬ್ಬರು ಅಧ್ಯಾಪಕರು. ದುಡ್ಡಿನ ಲೆಕ್ಕ ಇಡಲು ಒಬ್ಬರು ಬೇಕೆಂದು, ಅಧ್ಯಾಪಕರಲ್ಲಿ ಒಬ್ಬರು ನನ್ನ ಹಳೆಯ ಸಹಪಾಠಿಯಾದುದರಿಂದ, ನನ್ನನ್ನೂ ಎಳೆದುಕೊಂಡರು. ಮಕ್ಕಳು ಪ್ರವಾಸಕ್ಕೆ ಇಟ್ಟ ಹೆಸರು 'ನಮ್ಮ ಮೂಲದ ಕಡೆಗೆ'. ಹೊರಡುವ ಮೊದಲೇ ಒಂದು ಅವಾಂತರವಾಯಿತು. ಇಬ್ಬರು ಮಕ್ಕಳ ಮನೆಯವರು 'ಕೆಳದಿ' ಎಂದುದನ್ನು 'ಕಾಲಡಿ' ಎಂದು ಕೇಳಿಸಿಕೊಂಡು, ಶಂಕರಾಚಾರ್ಯರ ಜನ್ಮಸ್ಥಳಕ್ಕೆ ಹೋಗುವುದಾದರೆ ನಾವೂ ಬರುತ್ತೇವೆ ಎಂದು ಸಿದ್ಧರಾಗಿದ್ದರು! ಒಂದು ತೆಂಕಣಕ್ಕೆ, ಇನ್ನೊಂದು ಬಡಗಣಕ್ಕೆ ಎಂದು ತಿಳಿಸಿ ಹೇಳಬೇಕಾಯಿತು.

ಮೂಲ ಎಂಬ ಮಾತು ನನಗೆ ಹೊಸತಲ್ಲ. ನನ್ನ ತಾಯಿಯ ಮನೆ ಹೊಸದುರ್ಗ. ಅಜ್ಜ ಮಳೆಗಾಲದ ಸಂಜೆಗಳಲ್ಲಿ ಜಗಲಿಯಲ್ಲಿ ಕೂತು, "ನಾವು ಘಟ್ಟದ ಮೇಲಿನವರು, ಕೋಟೆಯೊಟ್ಟಿಗೆ ಬಂದವರು" ಎಂದು ಹೇಳುತ್ತಿದ್ದುದುಂಟು. ಘಟ್ಟದ ಮೇಲೆ ಎಲ್ಲಿ ಎಂದು ಕೇಳಿದರೆ ಕೈಯನ್ನು ಮೂಡಣ ದಿಕ್ಕಿಗೆ ಬೀಸುತ್ತಿದ್ದರು. ಅಷ್ಟೇ ಅವರಿಗೆ ಗೊತ್ತಿದ್ದುದು. ಕೋಟೆಯ ಕಾವಲಿಗೆಂದು ನೆಲೆನಿಂತು 'ಕೋಟೆಗಾರರು' ಎನಿಸಿದ ರಾಮಕ್ಷತ್ರಿಯರು ಕಾಸರಗೋಡು, ಬೇಕಲ, ಹೊಸದುರ್ಗಗಳಲ್ಲಿ ಇಂದಿಗೂ ಮನೆಯೊಳಗೆ ಕನ್ನಡ ಆಡುತ್ತಾರೆ. ಅಂಗಳ ದಾಟಿದರೆ ಮಲೆಯಾಳ. ಅಜ್ಜನ ಆ ಕೈಬೀಸನ್ನು ಒಮ್ಮೆಯಾದರೂ ನಕಾಶೆಯ ಮೇಲೆ ಇಟ್ಟು ನೋಡಬೇಕೆಂಬ ಆಸೆ ನನಗೂ ಇತ್ತು.

ಕೆಳದಿಯ ಅರಸು ಮನೆತನ ಆರಂಭವಾದದ್ದು 1500ರ ಆಸುಪಾಸಿನಲ್ಲಿ, ಚೌಡಪ್ಪನಿಂದ. ವಿಜಯನಗರದ ಅಧೀನರಾಗಿದ್ದ ಇವರು, 1565ರಲ್ಲಿ ಆ ಸಾಮ್ರಾಜ್ಯ ಮುರಿದ ಮೇಲೆ ಕ್ರಮೇಣ ಸ್ವತಂತ್ರರಾದರು. ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ 1640ರ ಸುಮಾರಿಗೆ ಬಿದನೂರಿಗೆ ಬಂತು. ಹಿರಿಯ ವೆಂಕಟಪ್ಪ ನಾಯಕನ ಕಾಲಕ್ಕೆ ಘಟ್ಟದ ಕೆಳಗಿನ ತುಳುನಾಡು ಇವರ ಹಿಡಿತಕ್ಕೆ ಬರತೊಡಗಿತ್ತು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ಕಾಲದಲ್ಲಿ ಅದು ಗಟ್ಟಿಯಾಯಿತು. ಚಂದ್ರಗಿರಿ, ಬೇಕಲ ಕೋಟೆಗಳನ್ನು ಅವನ ಹೆಸರಿಗೆ ಹೇಳುತ್ತಾರೆ. ಬೇಕಲದಲ್ಲಿ ಮೊದಲೇ ಕೋಲತ್ತಿರಿಗಳ ಕೋಟೆಯಿತ್ತು, ನಾಯಕರು ಅದನ್ನು ಬೆಳೆಸಿದರು ಎಂಬ ವಾದವೂ ಉಂಟು. ಹೊಸದುರ್ಗದ ಕೋಟೆ ಇನ್ನೂ ಈಚಿನದು, ಸೋಮಶೇಖರ ನಾಯಕನ ಕಾಲದ್ದು, 1731ರ ಸುಮಾರಿನದು. ಕನ್ನಡದಲ್ಲಿ ಹೊಸದುರ್ಗ, ಮಲೆಯಾಳದಲ್ಲಿ ಪುದಿಯಕೋಟ್ಟ. ಎರಡರ ಅರ್ಥವೂ ಒಂದೇ, ಹೊಸ ಕೋಟೆ. ಮುನ್ನೂರು ವರ್ಷವಾಗುತ್ತಾ ಬಂತು, ಎರಡು ಭಾಷೆಗಳಲ್ಲಿಯೂ ಅದು ಇನ್ನೂ ಹೊಸತೇ!

ನಸುಕಿಗೆ ಕಾಸರಗೋಡು ಬಿಟ್ಟು, ತಲಪಾಡಿಯ ಗಡಿ ದಾಟಿ, ಮಂಗಳೂರು, ಉಡುಪಿ, ಕುಂದಾಪುರದ ದಾರಿಯಾಗಿ ನಮ್ಮ ಬಸ್ಸು ಹೋಯಿತು. ಕುಂದಾಪುರದಿಂದ ಒಳಕ್ಕೆ ತಿರುಗಿ ಸಿದ್ಧಾಪುರ ದಾಟಿದರೆ ಘಟ್ಟದ ಬುಡದಲ್ಲಿ ಹೊಸಂಗಡಿ. ಫಲಕ ಕಂಡದ್ದೇ ಮಂಜೇಶ್ವರದ ಹುಡುಗನೊಬ್ಬ, "ಸರ್, ನಮ್ಮ ಹೊಸಂಗಡಿ ಇಲ್ಲಿಗೆ ಬಂತು!" ಎಂದು ಕೂಗಿದ. ನಮ್ಮ ಮಂಜೇಶ್ವರದ ಹೊಸಂಗಡಿಗೂ ಈ ಹೊಸಂಗಡಿಗೂ ಹೆಸರಿನ ನಂಟಲ್ಲದೆ ಬೇರೆ ಇಲ್ಲವಿರಬಹುದು. ಆದರೂ ಮಕ್ಕಳಿಗೆ ಅಲ್ಲಿಂದ ಒಂದು ಉತ್ಸಾಹ ಬಂತು. ಬಾಳೆಬರೆ ಘಾಟಿಯ ತಿರುವುಗಳಲ್ಲಿ ನಾಲ್ಕಾರು ಮಂದಿ ವಾಂತಿ ಮಾಡಿಕೊಂಡು ಆ ಉತ್ಸಾಹ ಇಳಿಯಿತೆನ್ನಿ. ಅಜ್ಜನ ಹಿರಿಯರು ಕಾಲ್ನಡೆಯಲ್ಲಿ ಇಂಥ ಘಾಟಿ ಇಳಿದಿರಬೇಕು, ಸಾಮಾನು ಎತ್ತಿನ ಮೇಲೆ ಹೇರಿರಬೇಕು ಎಂದುಕೊಂಡು ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಘಾಟಿ ಹತ್ತಿ ಮೊದಲು ಸಿಕ್ಕುವುದು ನಗರ, ಅಂದರೆ ಹಿಂದಿನ ಬಿದನೂರು. ಈಗ ಅದೊಂದು ಸಣ್ಣ ಊರು. ನಾಲ್ಕು ಅಂಗಡಿ, ಒಂದು ಬಸ್ಸು ನಿಲ್ದಾಣ. ಅದರ ಪಕ್ಕದಲ್ಲಿ ಮಲೆನಾಡಿನ ಮಳೆಗೆ ಪಾಚಿ ಹಿಡಿದು ಕಪ್ಪಾದ ಕೋಟೆ. ಬೇಕಲವನ್ನು ಕಂಡ ಕಣ್ಣಿಗೆ ಅದು ಮೊದಲು ಚಿಕ್ಕದಾಗಿಯೇ ಕಂಡಿತು. ಕಡಲಿಲ್ಲ, ಆ ಬಯಲಿಲ್ಲ. "ಇಷ್ಟೇನಾ ಸರ್?" ಎಂದು ಒಬ್ಬಳು ಕೇಳಿಯೇಬಿಟ್ಟಳು. ತಾಯಿಕೋಟೆ ಮಗುವಿಗಿಂತ ದೊಡ್ಡದಿರಬೇಕೆಂದು ಅವಳ ಎಣಿಕೆ. ಮೇಲೆ ಹತ್ತಿ ಅರಮನೆಯ ಅಡಿಪಾಯ, ದರ್ಬಾರು ಇದ್ದ ಜಗಲಿ, ಅಕ್ಕತಂಗಿ ಕೊಳಗಳನ್ನು ನೋಡಿದ ಮೇಲೆ ಮಾತು ಕಡಿಮೆಯಾಯಿತು. ಗೋಡೆಗಳಿಲ್ಲ, ಅವುಗಳ ಗುರುತು ಮಾತ್ರ. ಒಂದು ಕಾಲಕ್ಕೆ ಗೋವೆಯ ಪೋರ್ಚುಗೀಸರಿಂದ ಹಿಡಿದು ತಲಶ್ಶೇರಿಯ ಇಂಗ್ಲಿಷರವರೆಗೆ ಕಾಳುಮೆಣಸಿನ, ಅಕ್ಕಿಯ ವ್ಯವಹಾರಕ್ಕೆ ಮುಖ ನೋಡುತ್ತಿದ್ದ ದೊರೆತನ ಇದು.

ಇಲ್ಲಿ ನಿಂತುಕೊಂಡು ನನ್ನ ಸಹಪಾಠಿ ಅಧ್ಯಾಪಕರು ಮಕ್ಕಳಿಗೆ ಒಂದು ಪ್ರಶ್ನೆ ಹಾಕಿದರು: "ನಾವು ಈ ಊರಿನಿಂದ ಬೇರೆಯಾದದ್ದು ಯಾವಾಗ?" ಎಲ್ಲರೂ ಒಂದೇ ಬಾಯಿಗೆ, "1956, ನವಂಬರ 1" ಎಂದರು. ನಾನೂ ಮನಸ್ಸಿನಲ್ಲಿ ಅದನ್ನೇ ಹೇಳಿಕೊಂಡೆ. ನಮ್ಮ ಮನೆಗಳಲ್ಲಿ ಬೇರೆ ಯಾವ ತಾರೀಕು ಕೇಳಿದ್ದೇವೆ? ಅವರು ತಲೆಯಾಡಿಸಿದರು. 1956 ಎರಡನೆಯದು, ಮೊದಲನೆಯದು ಬೇರೆ ಇದೆ ಎಂದರು.

ಆ ಲೆಕ್ಕವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಮ್ಮ ಹೆಚ್ಚಿನ ಮನೆಗಳಲ್ಲಿ ಇದು ತಿಳಿದಿಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ರಾಣಿ ವೀರಮ್ಮಾಜಿ ಸೆರೆಯಾದಳು, ಊರಿಗೆ ಹೈದರನಗರವೆಂದು ಹೆಸರಾಯಿತು, ಅದರಲ್ಲಿ ಕೊನೆಗೆ ಉಳಿದದ್ದು 'ನಗರ' ಎಂಬಷ್ಟು. ಕೆಳದಿಯ ಸೀಮೆಯೆಲ್ಲ ಮೈಸೂರಿಗೆ ಸೇರಿತು, ನಮ್ಮ ಕರಾವಳಿಯೂ ಅದರೊಟ್ಟಿಗೇ. ಅಂದರೆ ಒಡೆಯ ಬದಲಾದರೂ ಘಟ್ಟದ ಮೇಲಿನವರೂ ಕೆಳಗಿನವರೂ ಒಂದೇ ಆಡಳಿತದಲ್ಲಿ ಇದ್ದರು. ನಡುವೆ 1783ರಲ್ಲಿ ಇಂಗ್ಲಿಷರ ದಂಡು ನಗರವನ್ನು ಹಿಡಿಯಿತು, ಕೆಲವೇ ತಿಂಗಳಲ್ಲಿ ಟಿಪ್ಪು ಮರಳಿ ಪಡೆದ. 1799ರಲ್ಲಿ ಟಿಪ್ಪು ಮಡಿದ ಮೇಲೆ ಪಾಲು ಹಂಚಿಕೆಯಾಯಿತು. ನಗರದ ಸೀಮೆ ಮೈಸೂರಿನ ಒಡೆಯರಿಗೆ ಹೋಯಿತು. ಕರಾವಳಿಯನ್ನು ಕಂಪೆನಿ ತಾನೇ ಇಟ್ಟುಕೊಂಡಿತು. ಮೊದಲ ಕಲೆಕ್ಟರನಾಗಿ ಥಾಮಸ್ ಮನ್ರೋ ಬಂದ. ಆಮೇಲೆ 1862ರಲ್ಲಿ ಉತ್ತರ ಕನ್ನಡ ಮುಂಬಯಿಗೆ ಹೋಗಿ, ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ನಮ್ಮ ಕಾಸರಗೋಡು ಅದರ ತೆಂಕಣ ತುದಿಯ ತಾಲೂಕು. ಹೀಗೆ ಘಟ್ಟದ ನೆತ್ತಿಯ ಮೇಲೆ ಮೊದಲ ಗೆರೆ ಬಿದ್ದದ್ದು 1799ರಲ್ಲಿ. 157 ವರ್ಷ ಮಂಗಳೂರೂ ಕಾಸರಗೋಡೂ ಒಟ್ಟಿಗೇ ಆ ಗೆರೆಯ ಈಚೆಗಿದ್ದವು. 1956ರಲ್ಲಿ ಆ ಗೆರೆ ಅಳಿಯಿತು, ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ತಲಪಾಡಿಯಲ್ಲಿ ಹೊಸ ಗೆರೆ ಬಿತ್ತು, ಕಾಸರಗೋಡು ಕೇರಳಕ್ಕೆ ಹೋಯಿತು. ನಮ್ಮವರ ದುಃಖಕ್ಕೆ ಇದೇ ಕಾರಣ. ಬಾಗಿಲು ತೆರೆದ ದಿನವೇ ನಮ್ಮನ್ನು ಹೊರಗೆ ನಿಲ್ಲಿಸಿದಂತಾಯಿತು.

ಇನ್ನೂ ಒಂದು ಮಾತು. 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಬಡಗಣ ಭಾಗವನ್ನು ಮೈಸೂರಿಗೆ ಕೊಡಬೇಕೆಂದಿತು. ಕಯ್ಯಾರ ಕಿಞ್ಞಣ್ಣ ರೈಗಳಂಥವರು ಬದುಕಿನ ಕೊನೆಯವರೆಗೂ ಅದರ ಮಾತೆತ್ತುತ್ತಲೇ ಇದ್ದರು. ವರದಿ ಜಾರಿಯಾಗಲಿಲ್ಲ. ಆದರೆ ನಕಾಶೆ ಬಿಡಿಸಿ ನೋಡಿ: ಬೇಕಲವೂ ಹೊಸದುರ್ಗವೂ ಹೊಳೆಯ ತೆಂಕಣಕ್ಕೆ ಇವೆ. ಆ ವರದಿ ಜಾರಿಯಾಗಿದ್ದರೂ ಕೆಳದಿಯ ಅರಸರು ತಂದು ನಿಲ್ಲಿಸಿದ ಕೋಟೆಯವರು ಆಚೆ ದಡದಲ್ಲೇ ಉಳಿಯುತ್ತಿದ್ದರು. 1801ರ ಜನವರಿಯಲ್ಲಿ ಈ ದಾರಿಯಾಗಿ ಹೋದ ಬುಕಾನನ್ ಕೂಡ ಚಂದ್ರಗಿರಿ ಹೊಳೆಯನ್ನೇ ಮಲೆಯಾಳದ ಎಲ್ಲೆ ಎಂದು ಬರೆದಿದ್ದಾನೆ. ಎಲ್ಲೆ ದಾಟಿ ಹೋಗುವುದೇ ಕೋಟೆಯವರ ಕೆಲಸವಾಗಿತ್ತಲ್ಲ! ಇದನ್ನು ಕೇಳಿ ನನ್ನ ಅಜ್ಜ ಏನು ಹೇಳುತ್ತಿದ್ದರೋ. ಅವರು ಮಹಾಜನ ವರದಿಯ ಸಭೆಗಳಿಗೆ ಹೊಸದುರ್ಗದಿಂದ ಕಾಸರಗೋಡಿಗೆ ರೈಲಿನಲ್ಲಿ ಹೋಗಿ ಬರುತ್ತಿದ್ದವರು.

ರಾತ್ರಿ ಸಾಗರದಲ್ಲಿ ತಂಗಿದೆವು. ಬೆಳಿಗ್ಗೆ ಚಾ ಕುಡಿಯಲು ಬಸ್ಸು ನಿಲ್ದಾಣದ ಹತ್ತಿರದ ಹೋಟೆಲಿಗೆ ಹೊಕ್ಕಾಗ ಯಜಮಾನರು ಮಕ್ಕಳ ಮಾತನ್ನು ಸ್ವಲ್ಪ ಹೊತ್ತು ಆಲಿಸಿ, "ಯಾವ ಕಡೆಯವರು?" ಎಂದು ಕೇಳಿದರು.

"ಕಾಸರಗೋಡು."

"ಕೇರಳದವರಾ! ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಲ್ರೀ. ಎಲ್ಲಿ ಕಲಿತಿದ್ದು?"

ಅವರು ಮೆಚ್ಚುಗೆಯಿಂದಲೇ ಹೇಳಿದ್ದು. ಪೆರ್ಲದ ಕಡೆಯ ಹುಡುಗಿಯೊಬ್ಬಳ ಮುಖ ಕೆಂಪಾಯಿತು. "ಮನೆಯಲ್ಲೇ ಮಾರಾಯ್ರೆ, ಅಮ್ಮನ ಹತ್ತಿರ" ಎಂದಳು. ಯಜಮಾನರಿಗೆ ತಪ್ಪಿನ ಅರಿವಾಗಿರಬೇಕು, ಎರಡನೆಯ ಸಲದ ಚಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. (ಲೆಕ್ಕದ ಪುಸ್ತಕದಲ್ಲಿ ಅದನ್ನೂ ಕಾಣಿಸಿದ್ದೇನೆ.) ಮಾತಿಗೆ ಮಾತು ಬಂದು ನಾವು ಬೇಕಲದ ಹೆಸರೆತ್ತಿದೆವು. ಕೆಳದಿಯವರು ಕಟ್ಟಿಸಿದ ಕೋಟೆ ನಮ್ಮಲ್ಲಿದೆ ಎಂದೆವು. ಅವರು ಹುಬ್ಬೇರಿಸಿದರು. ಪಕ್ಕದ ಮೇಜಿನ ಇಬ್ಬರು ಹಿರಿಯರೂ ಕೇಳಿರಲಿಲ್ಲ. ಸಿನೆಮಾದ ಹಾಡನ್ನು ನೆನಪಿಸಿದಾಗ ಮಾತ್ರ, "ಓ, ಅದು ಕೇರಳದ ಕೋಟೆ ಅಲ್ವಾ?" ಎಂದರು ಒಬ್ಬರು.

ಬಸ್ಸಿನಲ್ಲಿ ಆ ಹುಡುಗಿ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು ಕೂತು ಹೇಳಿದಳು: "ಸರ್, ಊರಲ್ಲಿ ಬಸ್ಸಿನವನು ನಾವು ಕನ್ನಡ ಮಾತಾಡಿದರೆ 'ಕರ್ಣಾಟಕದವರಾ' ಎಂದು ಕೇಳ್ತಾನೆ. ಇಲ್ಲಿ ಬಂದರೆ 'ಕೇರಳದವರಾ' ಅಂತ. ಮತ್ತೆ ನಾವು ಎಲ್ಲಿಯವರು?" ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಅರ್ಜಿ ತುಂಬಿಸಿದವನಿಗೂ ಆ ಕಾಲಂ ಹೇಗೆ ತುಂಬಿಸುವುದೆಂದು ಹೊಳೆಯಲಿಲ್ಲ. ಚಾಕೊಲೇಟ್ ಕೊಟ್ಟೆ.

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಶಿಲ್ಪದ ಬಗ್ಗೆ ಬರೆಯಲು ನಾನು ಅರ್ಹನಲ್ಲ, ಬಲ್ಲವರು ಬರೆದಿದ್ದಾರೆ. ಒಳಗೆ ನೆಲದ ಕಲ್ಲಿನಲ್ಲಿ ಅಡ್ಡಬಿದ್ದು ನಮಸ್ಕರಿಸುವ ಮೂವರು ನಾಯಕರ ಆಕೃತಿಗಳಿವೆ. ಅರಸರೇ ಜನರ ಕಾಲಿನ ಕೆಳಗೆ ಇರಲು ಬಯಸಿದ್ದು ಮಕ್ಕಳಿಗೆ ಬಹಳ ಹಿಡಿಸಿತು. ನನ್ನ ಮನಸ್ಸು ಮಾತ್ರ ಇಕ್ಕೇರಿಯ ನಾಣ್ಯದ ಮೇಲಿತ್ತು. ರಾಜಧಾನಿ ಬಿದನೂರಿಗೆ ಹೋದರೂ ಅಲ್ಲಿ ಅಚ್ಚಾದ ಚಿನ್ನದ ನಾಣ್ಯಕ್ಕೆ ಜನ 'ಇಕ್ಕೇರಿ ವರಹ' ಎಂದೇ ಹೇಳಿದರು. ನಾಯಕರ ವರಹದ ಮೇಲೆ ಶಿವಪಾರ್ವತಿಯರ ಚಿತ್ರವಿತ್ತು. ಹೈದರಾಲಿ ತನ್ನ ಚಿನ್ನದ ವರಹದ ಮೇಲೂ ಆ ಚಿತ್ರವನ್ನು ಹಾಗೆಯೇ ಉಳಿಸಿಕೊಂಡ. ಪೇಟೆಯಲ್ಲಿ ನಂಬಿಕೆಯಿರುವ ನಾಣ್ಯದ ಮುಖವನ್ನು ಬದಲಿಸಬಾರದೆಂದು ಅವನಿಗೆ ಗೊತ್ತಿತ್ತು.

1623ರಲ್ಲಿ ಇಟೆಲಿಯ ಪಿಯೆತ್ರೊ ದೆಲ್ಲಾ ವಾಲೆ ಎಂಬ ಪ್ರವಾಸಿ ಹೊನ್ನಾವರದಿಂದ ಗೇರುಸೊಪ್ಪೆಯಾಗಿ ಘಟ್ಟ ಹತ್ತಿ ಇಕ್ಕೇರಿಗೆ ಬಂದಿದ್ದ. ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ನಾಲ್ವರು ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ಬರೆದುದನ್ನು ರಾಗವಾಗಿ ಹಾಡುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಕಂಡ. ಉಪಾಧ್ಯಾಯರಿಲ್ಲ. ಮರೆತರೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, ನಾಲ್ವರೂ ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲ ಎಂಬರ್ಥದ ಉತ್ತರ ಕೊಟ್ಟರಂತೆ. ಈ ಕಥೆಯನ್ನು ಬಸ್ಸಿನಲ್ಲಿ ಹೇಳಿದಾಗ ಮಕ್ಕಳು ನಕ್ಕರು. ಮರುದಿನ ಅದು ಬೇರೆ ರೀತಿಯಲ್ಲಿ ನೆನಪಾಯಿತು.

ಮರುದಿನ ಕೆಳದಿ. ಅರಸರು ಬಿಟ್ಟು ಹೋದ ಮೇಲೆ ಅದು ತೋಟ ಗದ್ದೆಗಳ ಹಳ್ಳಿಯಾಗಿಯೇ ಉಳಿದಿದೆ. ರಾಮೇಶ್ವರ, ವೀರಭದ್ರ ದೇವಸ್ಥಾನಗಳು ಒಟ್ಟಿಗಿವೆ. ವೀರಭದ್ರನ ಗುಡಿಯ ಮಾಡಿನ ಒಳಮೈಯಲ್ಲಿ ಕೊರೆದ ಗಂಡಭೇರುಂಡವನ್ನು ಕತ್ತು ನೋಯುವಷ್ಟು ಹೊತ್ತು ನೋಡಿದೆವು. ಆದರೆ ನಾನು ಹೇಳಬೇಕಾದ್ದು ಅಲ್ಲಿನ ವಸ್ತುಸಂಗ್ರಹಾಲಯದ ವಿಷಯ. ಕೆಳದಿ ಗುಂಡಾ ಜೋಯಿಸರು ದಶಕಗಳ ಕಾಲ ಊರೂರು ಅಲೆದು ಕೂಡಿಸಿದ ಓಲೆಗರಿ, ಕಾಗದಪತ್ರಗಳು ಅಲ್ಲಿವೆ. ಈಗ ಅದು ಕುವೆಂಪು ವಿಶ್ವವಿದ್ಯಾನಿಲಯದ ಆಡಳಿತದಲ್ಲಿದೆ.

ನಮ್ಮ ಕಚೇರಿಗಳಲ್ಲಿ 'ಕಡತ' ಎನ್ನುತ್ತೇವಲ್ಲ, ಅದು ನಿಜವಾಗಿ ಏನೆಂದು ನನಗೆ ತಿಳಿದದ್ದು ಈ ಪ್ರವಾಸದಲ್ಲಿ. ಉದ್ದನೆಯ ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಮೆತ್ತಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಮಾಡಿದ ಕಪ್ಪು ಪುಸ್ತಕ. ಬಳಪದಿಂದ ಬರೆಯುವುದು, ಬೇಡವಾದರೆ ಒರಸಿ ಮತ್ತೆ ಬರೆಯಬಹುದು. (ಒರಸಬಹುದಾದ ಲೆಕ್ಕದ ಪುಸ್ತಕವನ್ನು ನಮ್ಮ ಆಡಿಟರುಗಳು ಒಪ್ಪುತ್ತಿದ್ದರೇ?) ಶಿವಪ್ಪ ನಾಯಕನ ಭೂಕಂದಾಯದ ಏರ್ಪಾಟಿಗೆ 'ಶಿಸ್ತು' ಎಂದು ಹೆಸರು. ಭೂಮಿಯನ್ನು ಉತ್ತಮದಿಂದ ಅಧಮಾಧಮದವರೆಗೆ ಐದು ದರ್ಜೆ ಮಾಡಿ, ಆಯ್ದ ತುಂಡುಗಳಲ್ಲಿ ಹನ್ನೆರಡು ವರ್ಷ ಬೆಳೆ ತೆಗೆಸಿ ನೋಡಿ, ಹುಟ್ಟುವಳಿಯ ಮೂರರಲ್ಲಿ ಒಂದು ಪಾಲನ್ನು ಕಂದಾಯವೆಂದು ಗೊತ್ತುಪಡಿಸಿದನೆಂದು ಹೇಳುತ್ತಾರೆ. ಮನ್ರೋ ಕೂಡ 1800ರಲ್ಲಿ ನಮ್ಮ ಜಿಲ್ಲೆಯ ಕಂದಾಯದ ವಿಷಯ ಬರೆಯುವಾಗ ಬಿದನೂರಿನವರ ಕಾಲದ ದರಕ್ಕೆ ಹಿಂದಿರುಗಿ ನೋಡಿದ. ಸಾಲ ಕೊಡುವ ಮುಂಚೆ ಹನ್ನೆರಡು ವರ್ಷ ಕಾದು ನೋಡುವ ಬ್ಯಾಂಕು ಈಗ ಎಲ್ಲೂ ಸಿಗದು.

ಅಲ್ಲಿ ಓಲೆಗರಿಯ ಕಟ್ಟುಗಳನ್ನು ನೋಡುತ್ತಿದ್ದಾಗ ಆ ಪೆರ್ಲದ ಹುಡುಗಿ ಒಂದು ಗರಿಯ ಮುಂದೆ ನಿಂತುಬಿಟ್ಟಳು. ಅದೇ ಹೊತ್ತಿಗೆ ಅಲ್ಲಿಗೆ ಬಂದಿದ್ದ ಆ ಕಡೆಯ ಬೇರೊಂದು ಕಾಲೇಜಿನ ಮಕ್ಕಳು, "ಇದು ಕನ್ನಡ ಅಲ್ಲ, ಏನೋ ಬೇರೆ" ಎಂದು ಮುಂದೆ ಹೋಗುತ್ತಿದ್ದರು. ಇವಳು ಮೆಲ್ಲಗೆ, "ಇದು 'ತ', ಇದು 'ಯ', ಇದು 'ಗ'..." ಎಂದಳು. ಅವಳ ಪಕ್ಕದಲ್ಲಿದ್ದ ನೀಲೇಶ್ವರದ ಹುಡುಗಿ (ಅವಳು ಮಲೆಯಾಳದವಳು, ಚರಿತ್ರೆಯ ವಿದ್ಯಾರ್ಥಿನಿ) ಇನ್ನೆರಡು ಅಕ್ಷರ ಹೇಳಿದಳು. ಮತ್ತಿಬ್ಬರು ಬಗ್ಗಿದರು. ಒಬ್ಬರಿಗೆ ತಿಳಿಯದ್ದು ಇನ್ನೊಬ್ಬರಿಗೆ ಹೊಳೆಯುತ್ತ, ಸಂಸ್ಕೃತದ ಎರಡು ಮೂರು ಪದ ಎದ್ದು ಬಂದವು. ತಪ್ಪೂ ಇತ್ತು, ಊಹೆಯೂ ಇತ್ತು. ಆ ಕಾಲೇಜಿನ ಮಕ್ಕಳು ಮರಳಿ ಬಂದು ಸುತ್ತ ನಿಂತರು. "ನಿಮಗೆ ಹೇಗೆ ಬರುತ್ತೆ ಇದು?" ಎಂದು ಒಬ್ಬ ಕೇಳಿದ.

ಅದು ತಿಗಳಾರಿ. ನಮ್ಮಲ್ಲಿ ತುಳು ಲಿಪಿ ಎನ್ನುತ್ತೇವೆ. ಗ್ರಂಥ ಲಿಪಿಯಿಂದ ಹುಟ್ಟಿದ್ದು, ಮಲೆಯಾಳ ಲಿಪಿಯ ಒಡಹುಟ್ಟು. ತುಳುನಾಡಿನ ಮತ್ತು ಮಲೆನಾಡಿನ ಬ್ರಾಹ್ಮಣ ಮನೆಗಳಲ್ಲಿ ಶತಮಾನಗಳ ಕಾಲ ವೇದ, ಶಾಸ್ತ್ರ, ಪ್ರಯೋಗಗಳನ್ನು ಇದರಲ್ಲಿ ಬರೆದಿಟ್ಟರು. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಬರ್ನೆಲ್ 1874ರಲ್ಲಿ ದಕ್ಷಿಣ ಭಾರತದ ಲಿಪಿಗಳ ಬಗ್ಗೆ ಪುಸ್ತಕ ಬರೆದಾಗ ಇದನ್ನು 'ತುಳು-ಮಲೆಯಾಳ' ಲಿಪಿಯೆಂದೇ ಕರೆದ. ನಮ್ಮವರೇ ಆದ ವೆಂಕಟರಾಜ ಪುಣಿಂಚತ್ತಾಯರು 'ಶ್ರೀ ಭಾಗವತೊ'ವಿನಂಥ ಹಳೆಯ ತುಳು ಕಾವ್ಯಗಳನ್ನು ಬೆಳಕಿಗೆ ತಂದದ್ದು ಈ ಲಿಪಿಯ ಓಲೆಗಳಿಂದ. 2024ರಲ್ಲಿ ಯುನಿಕೋಡಿನಲ್ಲಿಯೂ ಇದಕ್ಕೆ ಜಾಗ ಸಿಕ್ಕಿದೆ. ಮಲೆಯಾಳ ಓದಲು ಬಲ್ಲವರಿಗೆ ಇದರ ಹಲವು ಅಕ್ಷರಗಳು ನೋಡಿದ ಕೂಡಲೇ ಗುರುತು ಸಿಗುತ್ತವೆ. ಕನ್ನಡ ಮಾತ್ರ ಬಲ್ಲವರಿಗೆ ಇಲ್ಲ.

ನಾನು ಸುಮ್ಮನೆ ನಿಂತು ನೋಡಿದೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಮಲೆಯಾಳ ಹೊರೆಯೆಂದು ನಾವೆಲ್ಲ ಹೇಳುತ್ತ ಬಂದವರು. ಮಲೆಯಾಳ ಕಲಿಕೆಯನ್ನು ಕಡ್ಡಾಯ ಮಾಡಿದ ಕಾನೂನು 2017ರಲ್ಲಿ ಬಂದಾಗ ಅದನ್ನು ವಿರೋಧಿಸಿದ ಮೆರವಣಿಗೆಯಲ್ಲಿ ನಾನೂ ನಡೆದಿದ್ದೆ, ಮತ್ತೊಮ್ಮೆ ಬೇಕಾದರೆ ಮತ್ತೆ ನಡೆಯುತ್ತೇನೆ. ಕನ್ನಡ ಶಾಲೆ ಉಳಿಯಬೇಕೆಂಬ ಮಾತಿನಲ್ಲಿ ನನಗೆ ಸಂಶಯವಿಲ್ಲ. ಆದರೆ ಹೋಟೆಲಿನಲ್ಲಿ 'ಕೇರಳದವರಾ' ಎನಿಸಿಕೊಂಡ ಅದೇ ಹುಡುಗಿ, ಕೆಳದಿಯ ಓಲೆಯ ಅಕ್ಷರವನ್ನು ಕೆಳದಿಯ ಸೀಮೆಯ ಮಕ್ಕಳಿಗೆ ತೋರಿಸಿಕೊಟ್ಟದ್ದು ಶಾಲೆಯಲ್ಲಿ ಕಲಿತ ಮಲೆಯಾಳದ ಬಲದಿಂದ. ಇದನ್ನು ಬರೆಯದೆ ಬಿಟ್ಟರೆ ನಾನು ಲೆಕ್ಕ ತಪ್ಪು ಬರೆದಂತಾಗುತ್ತದೆ.

ಊಟಕ್ಕೆ ಕೂತಾಗ ನೀಲೇಶ್ವರದ ಹುಡುಗಿ ತನ್ನ ಅರ್ಧ ಕನ್ನಡದಲ್ಲಿ ಒಂದು ಮಾತು ಹೇಳಿದಳು. "ಸರ್, ನಿಮಗೆ ಇವರು ಮೂಲ. ನಮ್ಮ ಪುಸ್ತಕದಲ್ಲಿ ಇವರು ದಂಡು ತಂದವರು." ಕೆಲವರು ನಕ್ಕರೂ ಅವಳು ಹೇಳಿದ್ದು ಸತ್ಯ. 1730ರ ದಶಕದಲ್ಲಿ ಸೋಮಶೇಖರ ನಾಯಕನ ಸೇನೆ ನೀಲೇಶ್ವರವನ್ನು ದಾಟಿ ಕೋಲತ್ತುನಾಡಿನೊಳಕ್ಕೆ ನುಗ್ಗಿತ್ತು. ತಲಶ್ಶೇರಿಯ ಇಂಗ್ಲಿಷ್ ಕೋಠಿಯವರೂ ಈ ಜಗಳದಲ್ಲಿ ಸೇರಿಕೊಂಡರು, ಕೊನೆಗೆ ಒಪ್ಪಂದವಾಯಿತು. ಹೊಸದುರ್ಗದ ಕೋಟೆ ಎದ್ದದ್ದು ಆ ದಂಡಯಾತ್ರೆಯ ಕಾಲದಲ್ಲೇ. ಅಂದರೆ ನನ್ನ ಅಜ್ಜನ ಹಿರಿಯರು ಘಟ್ಟ ಇಳಿದು ಬಂದದ್ದು ಅವಳ ಹಿರಿಯರ ಮೇಲೆ ಕಾವಲು ಕೂರುವುದಕ್ಕೆ. ಅಜ್ಜ ಈ ಭಾಗವನ್ನು ಹೇಳಿರಲಿಲ್ಲ. ನಾನು ಅವಳಿಗೆ, "ಹೌದು ಮಗಾ, ಬಂದದ್ದು ಹೌದು, ಮತ್ತೆ ಹಿಂದೆ ಹೋಗಲಿಲ್ಲ" ಎಂದೆ. ಅವಳು ತನ್ನ ಎಲೆಯ ಹಪ್ಪಳವನ್ನು ನನ್ನ ಎಲೆಗೆ ಹಾಕಿದಳು.

ನನ್ನ ಅಜ್ಜನ ಮೂಲ ಯಾವ ಊರೆಂದು ತಿಳಿಯಲಿಲ್ಲ. ಕೋಟೆ ಕಾವಲಿನ ಸಾಮಾನ್ಯರ ಹೆಸರನ್ನು ಯಾರು ತಾಮ್ರಪಟದಲ್ಲಿ ಬರೆಸುತ್ತಾರೆ? ಒಂದಿಬ್ಬರು ಹಿರಿಯರನ್ನು ವಿಚಾರಿಸಿದೆ. ಅವರು ಕುಂದಾಪುರದ ಕಡೆ ಕೇಳಿ ನೋಡಿ ಎಂದರು. ಅಲ್ಲಿಯೂ ಆ ಸಮಾಜದವರಿದ್ದಾರೆ. ಅದು ಇನ್ನೊಮ್ಮೆಯ ಪ್ರಯಾಣ.

ಮರಳುವ ದಾರಿಯಲ್ಲಿ, ಬಸ್ಸಿನ ದೀಪ ಆರಿಸಿದ ಮೇಲೆ, ಪೆರ್ಲದ ಹುಡುಗಿ ಮತ್ತೆ ಬಂದಳು. "ಸರ್, ನಮ್ಮ ಮನೆಯ ಅಟ್ಟದಲ್ಲಿ ಇಂಥದ್ದೇ ಒಂದು ಕಟ್ಟು ಉಂಟು. ಅದು ಮಲೆಯಾಳದ ಮಂತ್ರವಾದದ್ದು, ಮುಟ್ಟಬಾರದು ಅಂತ ಅಜ್ಜಿ ಹೇಳ್ತಿದ್ರು. ಮೊನ್ನೆ ಮನೆ ರಿಪೇರಿಯಾಗುವಾಗ ಅಪ್ಪ ಹೊಳೆಗೆ ಬಿಡುವ ಅಂತ ಇದ್ರು."

"ಬಿಟ್ಟರಾ?"

"ಗೊತ್ತಿಲ್ಲ" ಎಂದಳು. ರಾತ್ರಿ ಹನ್ನೊಂದು ಗಂಟೆಗೆ ಬಸ್ಸಿನಿಂದಲೇ ಮನೆಗೆ ಫೋನು ಮಾಡಿದಳು.

ಬಿಟ್ಟಿರಲಿಲ್ಲ. ಗೆದ್ದಲು ಅರ್ಧ ತಿಂದಿತ್ತು. ಉಳಿದದ್ದನ್ನು ಅಧ್ಯಾಪಕರು ಬಲ್ಲವರನ್ನು ಕೇಳಿ, ಹುಲ್ಲೆಣ್ಣೆ (ಮಲೆಯಾಳದಲ್ಲಿ ಪುಲ್‌ತೈಲ ಎನ್ನುತ್ತಾರೆ) ಸವರಿ ಒಂದೊಂದೇ ಗರಿ ಬಿಡಿಸಿದ್ದಾರೆ. ಮಂತ್ರವಾದವೇನೂ ಅಲ್ಲ, ಸಂಸ್ಕೃತದ ಒಂದು ಪೂಜಾಪದ್ಧತಿ, ತಿಗಳಾರಿಯಲ್ಲಿ. ಇಬ್ಬರು ಹುಡುಗಿಯರೂ ಈಗ ಆದಿತ್ಯವಾರಗಳಲ್ಲಿ ಪೆರ್ಲದ ಆ ಮನೆಯಲ್ಲಿ ಕೂತು ಅದನ್ನು ಕೂಡಿಸಿ ಓದುತ್ತಿದ್ದಾರೆ. ನೀಲೇಶ್ವರದವಳು ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹೋಗುತ್ತಾಳೆ. ಕೊನೆಯ ಗರಿಯ ಹಿಂಬದಿಯಲ್ಲಿ ಮಾತ್ರ ಬೇರೆ ಕೈಯ ಬರಹವಿದೆಯಂತೆ, ಕನ್ನಡ ಅಕ್ಷರ, ಕನ್ನಡ ಅಂಕಿ: ಮುಡಿ, ಕಳಸೆ, ಸೇರು ಎಂದು. ಯಾರೋ ಯಾರಿಗೋ ಕೊಡಬೇಕಾಗಿದ್ದ ಅಕ್ಕಿಯ ಲೆಕ್ಕ. ಮೂರು ಕಳಸೆಗೆ ಒಂದು ಮುಡಿ, ನಲುವತ್ತೆರಡು ಸೇರು ಎಂದು ನಾನು ಫೋನಿನಲ್ಲಿ ಹೇಳಿದೆ. ಕೂಡಿಸಿದರೆ ಹೊಂದುವುದಿಲ್ಲ ಸರ್, ನೀವೇ ಬಂದು ನೋಡಬೇಕು ಎಂದಿದ್ದಾರೆ. ಬರುವ ಆದಿತ್ಯವಾರ ಹೋಗುವುದೆಂದು ಇಟ್ಟುಕೊಂಡಿದ್ದೇನೆ.